ಗುಂಡಿ ಬ್ರೆಡ್ಡು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಟ್ಟಿದವರು ಬೆಟ್ಟದ ಮೇಲೆ ಒಂದು ಚಳಿಗಾಲವನ್ನಾದರೂ ಕಳೆದವರೇ ಇರಬೇಕು. ಬೇಸಿಗೆಯಲ್ಲಿ ಈ ಊರಿಗೆ ಬಂದು, ಎರಡು ದಿನ ಇದ್ದು, "ಸ್ವರ್ಗ ಕಣ್ರೀ, ಇಲ್ಲೇ ಇದ್ದುಬಿಡೋಣ ಅನ್ನಿಸುತ್ತೆ" ಎನ್ನುತ್ತ ಬ್ರೆಡ್ಡು ಕಟ್ಟಿಸಿಕೊಂಡು ಹೋದವರನ್ನು ಇಲ್ಲಿಯ ಬೇಕರಿಯ ಬ್ರೆಡ್ಡಕ್ಕ ಮೂವತ್ತು ವರ್ಷಗಳಿಂದ ನೋಡಿದ್ದಾಳೆ. ಮೊದಲ ಹಿಮ ಬೀಳುವ ಹೊತ್ತಿಗೆ ಅವರಲ್ಲಿ ಒಬ್ಬರ ನೆರಳೂ ಇರುವುದಿಲ್ಲ. ಅಂಥವರಿಗೆ ಅವಳ ಯಜಮಾನರು ಬ್ರೆಡ್ಡು ಸುತ್ತಿಕೊಡುತ್ತ ಒಂದೇ ಮಾತು ಹೇಳುತ್ತಿದ್ದರು: "ಬೇಸಿಗೆ ಜನ ಹೋಗಿ, ಹಿಮ ಇನ್ನೂ ಬೀಳದೆ ಒಂದು ಹದಿನೈದು ದಿನ ಇರುತ್ತಲ್ಲ, ಆಗ ಬಂದು ನೋಡಿ. ಆಗಲೂ ಹಿಡಿಸಿದ್ರೆ ಸಾಮಾನು ತನ್ನಿ."

ಈಗ ನಡೆಯುತ್ತಿದ್ದುದು ಆ ಹದಿನೈದು ದಿನವೇ. ರಸ್ತೆಯ ಉದ್ದಕ್ಕೂ ಅರ್ಧಕ್ಕರ್ಧ ಅಂಗಡಿಗಳ ಶಟರ್ ಇಳಿದಿತ್ತು. ಮಂಜು ಬೆಳಿಗ್ಗೆ ಬಂದು ಕೂತರೆ ಮಧ್ಯಾಹ್ನವಾದರೂ ಏಳುತ್ತಿರಲಿಲ್ಲ. ಎಲ್ಲಿ ಕಾಲಿಟ್ಟರೂ ಕೆಸರು. ಯಜಮಾನರು ತೀರಿಕೊಂಡು ಎರಡು ವರ್ಷವಾದ ಮೇಲೆ ಅವರ ಮಾತನ್ನು ತಪ್ಪದೆ ಪಾಲಿಸಿದವಳೆಂದರೆ ಅವರ ಒಬ್ಬಳೇ ಮಗಳು. ಏಳು ವರ್ಷದ ತನ್ನ ಹುಡುಗಿಯ ಕೈ ಹಿಡಿದುಕೊಂಡು, ಊರು ಅತ್ಯಂತ ಕುರೂಪವಾಗಿ ಕಾಣುವ ವಾರವನ್ನೇ ಹುಡುಕಿ ಬಂದಿದ್ದಳು.

ಮಗಳು ಓದಿಗೆಂದು ಕೆಳಗಿನ ಊರಿಗೆ ಹೋಗಿ ಎಷ್ಟೋ ವರ್ಷದಿಂದ ಅಲ್ಲೇ ನೆಲೆಸಿದವಳು, ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಇಲ್ಲಿಯ ಸ್ಕೂಲಿನಲ್ಲಿ ಒಂದು ಟೀಚರ್ ಕೆಲಸ ಖಾಲಿಯಿತ್ತು, ಜೊತೆಗೆ ಸ್ಕೂಲಿನ ಪಕ್ಕದಲ್ಲೇ ಹಸಿರು ಬಾಗಿಲಿನ ಎರಡು ಕೋಣೆಯ ಮನೆ. ಅಳಿಯ ನೀರಿನ ಪಂಪು ರಿಪೇರಿ ಮಾಡುವವನು, ಪೈಪು ಇರುವ ಕಡೆಯೆಲ್ಲ ಅವನಿಗೆ ಅನ್ನ ಇದೆ. "ನಿಮ್ಮಮ್ಮ ಏನಂತಾರೋ ಹಾಗೇ ಮಾಡು" ಎಂದು ಫೋನಿನಲ್ಲಿ ಹೇಳಿ ಅವನು ಜಾಣನಾಗಿದ್ದ. ಹೆಡ್‌ಮಿಸ್ ಮಾತ್ರ ಖಡಕ್ಕಾಗಿದ್ದರು. ಶನಿವಾರ ಐದು ಗಂಟೆಯೊಳಗೆ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು. ಇಲ್ಲದಿದ್ದರೆ ಸೋಮವಾರ ಇನ್ನೊಬ್ಬರನ್ನು ಕರೆಯುತ್ತಾರೆ.

ಇವತ್ತು ಶನಿವಾರ. ಬೇಕರಿಯ ಗೋಡೆ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು.

"ಹೇಳಮ್ಮ. ವರ್ಷಪೂರ್ತಿ ಇಲ್ಲಿ ಇರಕ್ಕಾಗುತ್ತಾ?" ಮಗಳು ಬಂದ ಮೂರು ದಿನದಲ್ಲಿ ಇದನ್ನು ಐದನೇ ಸಲ ಕೇಳುತ್ತಿದ್ದಳು.

"ಇರೋರು ಇರ್ತಾರೆ, ಹೋಗೋರು ಹೋಗ್ತಾರೆ" ಎಂದಳು ಬ್ರೆಡ್ಡಕ್ಕ.

"ನೋಡು, ಮತ್ತೆ ಅಡ್ಡಗೋಡೆ ಮೇಲೆ ದೀಪ ಇಟ್ಟೆ."

ದೀಪ ಇಡದೆ ಇನ್ನೇನು ಮಾಡಿಯಾಳು? ಬಾ ಮಗಳೇ, ಬಂದುಬಿಡು, ನನಗೆ ಈ ಮನೆಯಲ್ಲಿ ಒಬ್ಬಳ ಉಸಿರು ಕೇಳಿ ಕೇಳಿ ಸಾಕಾಗಿದೆ ಎಂದು ಅವಳ ಒಳಗು ಕೂಗುತ್ತಿತ್ತು. ಮೊಮ್ಮಗಳ ಕೈಯ ಅಳತೆಗೆ ಒಂದು ಜೊತೆ ಕೆಂಪು ಕೈಗವಸು ಹೆಣೆದು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟು ತಿಂಗಳಾಗಿತ್ತು. ಆದರೆ ಆ ಮಾತು ಆಡುವ ಹಕ್ಕು ತನಗಿಲ್ಲ ಎಂದೂ ಅವಳಿಗೆ ಗೊತ್ತಿತ್ತು. ಯಾಕೆ ಎಂಬುದನ್ನು ಯಜಮಾನರೊಬ್ಬರನ್ನು ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ.

ಭಾನುವಾರದ ಬ್ರೆಡ್ಡಿಗೆ ಹಿಟ್ಟು ಕಲಸುವ ಹೊತ್ತಾಗಿತ್ತು. ದಿನವೂ ಕಲಸುವ ಎಡಗೈಯಣ್ಣ ಮೊಣಕಾಲು ಹಿಡಿದುಕೊಂಡಿದೆ ಎಂದು ಹೇಳಿಕಳಿಸಿದ್ದ. ಎಡಗೈಯಣ್ಣ ಇದೇ ಊರಿನಲ್ಲಿ ಹುಟ್ಟಿ ಬೆಳೆದವನು, ಒಳ್ಳೆಯ ಕೆಲಸಗಾರ. ಅವನದು ಒಂದೇ ದೋಷ: ಅವನ ಬ್ರೆಡ್ಡು ಯಾವತ್ತೂ ಕೆಡುತ್ತಿರಲಿಲ್ಲ. ಈ ಅಂಗಡಿಯ ಹೆಸರು ನಿಂತಿದ್ದು ಗುಂಡಿ ಬ್ರೆಡ್ಡಿನ ಮೇಲೆ. ನೆತ್ತಿ ಕುಸಿದು, ನಡುವೆ ಒಂದು ಬೊಗಸೆಯಷ್ಟು ಗುಂಡಿ ಬಿದ್ದ ಬ್ರೆಡ್ಡು ಅದು. ಗುಂಡಿಯಲ್ಲಿ ಬೆಣ್ಣೆ ಹಾಕಿ, ಅದು ಕರಗಿ ಅಂಚಿಗೆ ಹತ್ತಿದ ಮೇಲೆ ಮುರಿದು ತಿನ್ನಬೇಕು. ಯಜಮಾನರು ಹೋದ ಮೇಲೆ ಆ ಗುಂಡಿ ಸರಿಯಾಗಿ ಬಿದ್ದದ್ದಿಲ್ಲ. ಎಡಗೈಯಣ್ಣ ಬೇಕೆಂದೇ ತಪ್ಪು ಮಾಡಲು ಹೋದರೆ ಒಂದೋ ಬ್ರೆಡ್ಡು ಚಪ್ಪಲಿಯಾಗುತ್ತಿತ್ತು, ಇಲ್ಲವೇ ಎದೆಯುಬ್ಬಿಸಿಕೊಂಡು ಹೊರಬರುತ್ತಿತ್ತು. ಕೊನೆಗೆ ಬ್ರೆಡ್ಡಕ್ಕ ಒಲೆಗೆ ಹಾಕುವ ಮುಂಚೆ ಮುಷ್ಟಿಯಿಂದ ಒತ್ತಿ ಗುಂಡಿ ಮಾಡುತ್ತಿದ್ದಳು. ಗಿರಾಕಿಗಳು ಏನೂ ಅನ್ನದೆ ಕೊಂಡುಕೊಳ್ಳುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ ಎಂಬುದೇ ಅವಳಿಗೆ ಚುಚ್ಚುತ್ತಿತ್ತು.

"ನಾನೇ ಕಲಸ್ತೀನಿ ಬಿಡು" ಎಂದು ಮಗಳು ತೋಳು ಮಡಚಿದಳು. "ಅಲ್ಲಿ ವಾರಕ್ಕೆರಡು ಸಲ ಮನೇಲೇ ಮಾಡ್ತೀನಿ. ಗುಬ್ಬಿ ಅಂಗಡೀದು ಮುಟ್ಟಲ್ಲ."

ಗುಬ್ಬಿ ಎಂದರೆ ಮೊಮ್ಮಗಳು. ಅವಳು ಹಿಟ್ಟಿನ ಚೀಲದ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಬಂದಾಗಿನಿಂದ ಅಮ್ಮನ ಕೈ ಇಲ್ಲವೇ ಅಜ್ಜಿಯ ಕೈ ಹಿಡಿಯದೆ ಬಾಗಿಲು ದಾಟಿರಲಿಲ್ಲ. ಅವಳಿಗೆ ಅದೇ ರೂಢಿ. ಅಲ್ಲಿ ಲಿಫ್ಟಿನಿಂದ ವ್ಯಾನು, ವ್ಯಾನಿನಿಂದ ಸ್ಕೂಲಿನ ಗೇಟು, ಮತ್ತೆ ಗೇಟಿನಿಂದ ವ್ಯಾನು. ಒಬ್ಬಳೇ ಎದುರು ಅಂಗಡಿಗೆ ಹೋಗಿ ಒಂದು ಪೆನ್ಸಿಲ್ ತಂದವಳಲ್ಲ.

ಮಗಳು ಹಿಟ್ಟು ಅಳೆದು ಸುರಿದಳು, ಈಸ್ಟು ಹಾಕಿದಳು, ನೀರು ಬೆರೆಸಿದಳು. ಅವಳ ಬೆನ್ನು ಬಗ್ಗಿದ್ದ ರೀತಿ, ಅಂಗೈಯ ಬುಡದಿಂದ ಹಿಟ್ಟನ್ನು ಮುಂದಕ್ಕೆ ದೂಡಿ ಮಡಚುವ ರೀತಿ, ಎಲ್ಲ ಅಪ್ಪನದೇ ಆಗಿತ್ತು. ಬ್ರೆಡ್ಡಕ್ಕ ಅಳತೆ ನೋಡಲಿಲ್ಲ, ಬೆನ್ನನ್ನೇ ನೋಡುತ್ತಿದ್ದಳು.

"ನಿನಗೇನಮ್ಮ" ಎಂದಳು ಮಗಳು, ಕಲಸುತ್ತಲೇ. "ನೀನು ಲಾರಿಯಿಂದ ಇಳಿದ ದಿನವೇ ಈ ಊರನ್ನ ಒಪ್ಪಿಕೊಂಡೋಳು. ಅಪ್ಪ ಎಷ್ಟು ಸಲ ಹೇಳ್ತಿದ್ರು, ನಿಮ್ಮಮ್ಮ ಒಂದು ದಿನಾನೂ ಹಿಂದೆ ತಿರುಗಿ ನೋಡಲಿಲ್ಲ ಅಂತ. ನನಗೆ ಮೂರೇ ದಿನಕ್ಕೆ ಎದೆ ಡವಡವ ಅಂತಿದೆ. ನಾನು ನಿನ್ನಷ್ಟು ಗಟ್ಟಿಗಿತ್ತಿ ಅಲ್ಲ. ಬೇಡ ಅಂದ್ಬಿಡೋಣ ಅನ್ನಿಸ್ತಿದೆ."

ಬ್ರೆಡ್ಡಕ್ಕನಿಗೆ ಅತ್ತ ದರಿ, ಇತ್ತ ಪುಲಿ ಎಂಬಂತಾಯಿತು. ನಿಜ ಹೇಳಿದರೆ ಮಗಳು ಇನ್ನಷ್ಟು ಹೆದರಿ ಇವತ್ತೇ ಬಸ್ಸು ಹತ್ತುತ್ತಾಳೆ. ಹೇಳದಿದ್ದರೆ ಸುಳ್ಳಿನ ಮೇಲೆ ಅವಳ ಮನೆ ಹೂಡಿಸಿದ ಹಾಗೆ. ಅವಳು ಸ್ಟೂಲು ಎಳೆದುಕೊಂಡು ಕೂತಳು.

"ನಿಮ್ಮಪ್ಪ ಸುಳ್ಳು ಹೇಳ್ತಿದ್ರು" ಎಂದಳು. "ನಾನು ಗಂಟುಮೂಟೆ ಕಟ್ಟಿದ್ದೆ."

ಮಗಳ ಕೈ ಹಿಟ್ಟಿನಲ್ಲೇ ನಿಂತಿತು.

"ನಿಲ್ಲಿಸಬೇಡ, ಕಲಸು. ಹೇಳ್ತೀನಿ."

ಮೂವತ್ತು ವರ್ಷದ ಹಿಂದೆ ಅವರು ಕೆಳಗಿನ ದೊಡ್ಡ ಊರಿನಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿದ್ದರು. ಯಜಮಾನರು ಆ ಬೇಕರಿಯಲ್ಲಿ ದುಡಿಯುವವರು. ಒಂದು ಬೇಸಿಗೆ ಯಾರದೋ ಒಲೆಗೆ ಇಟ್ಟಿಗೆ ಕಟ್ಟುವುದಕ್ಕೆ ಸಹಾಯಕ್ಕೆಂದು ಐದು ದಿನ ಈ ಬೆಟ್ಟಕ್ಕೆ ಬಂದರು. ಮನೆಗೆ ಹೋದವರು ಶೂ ಕೂಡ ಬಿಚ್ಚಲಿಲ್ಲ. "ಅಲ್ಲಿ ಮಕ್ಕಳು ಒಬ್ಬೊಬ್ಬರೇ ಸ್ಕೂಲಿಗೆ ಹೋಗ್ತಾವೆ ಕಣೇ" ಎಂದರು. "ಯಾರೂ ಕೈ ಹಿಡ್ಕೊಂಡಿರಲ್ಲ. ದಾರೀಲಿ ನಿಂತು ಕಲ್ಲು ಒದೀತಾವೆ, ನಾಯಿ ಮಾತಾಡಿಸ್ತಾವೆ, ಮತ್ತೆ ಹೋಗ್ತಾವೆ." ಗಾಳಿಯ ಬಗ್ಗೆ, ನೋಟದ ಬಗ್ಗೆ ಒಂದು ಮಾತಿಲ್ಲ. ಇವರ ಮಗಳು ಆಗ ದೊಡ್ಡ ರಸ್ತೆ ದಾಟಲು ಹೆದರಿ ಉಗುರು ಕಚ್ಚುತ್ತಿದ್ದಳು. ಅಷ್ಟು ಸಾಕಾಯಿತು. ಆ ಬೇಸಿಗೆ ಮುಗಿಯುವ ಮೊದಲೇ ಲಾರಿ ಹತ್ತಿದರು.

ಹತ್ತುವುದೇನೋ ಹತ್ತಿದರು. ಬಂದ ಮೂರನೇ ವಾರಕ್ಕೆ ಬೇಸಿಗೆ ಜನ ಖಾಲಿ. ನಾಲ್ಕನೇ ವಾರಕ್ಕೆ ಪೈಪು ಹೆಪ್ಪುಗಟ್ಟಿತು. ಡಾಕ್ಟರು ವಾರಕ್ಕೆರಡು ದಿನ ಬರುವವರು, ಹಿಮ ಬಿದ್ದರೆ ಅದೂ ಇಲ್ಲ. ಒದ್ದೆ ಬಟ್ಟೆ ಒಣಗುತ್ತಿರಲಿಲ್ಲ, ಒಣಗಿದ್ದು ಬೆಚ್ಚಗಾಗುತ್ತಿರಲಿಲ್ಲ.

"ನಮ್ಮ ಬೇಳೆ ಇಲ್ಲಿ ಬೇಯಲ್ಲ ಅಂತ ನಿಮ್ಮಪ್ಪನಿಗೆ ಹೇಳ್ದೆ. ಗಾದೆಗೆ ಹೇಳಿದ್ದಲ್ಲ, ಎರಡು ಗಂಟೆ ಒಲೆ ಮೇಲಿಟ್ಟು ನೋಡಿ ಹೇಳಿದ್ದು" ಎಂದಳು ಬ್ರೆಡ್ಡಕ್ಕ. ಮಗಳು ನಕ್ಕಳು. ಹಿಟ್ಟು ಉಂಡೆಯಾಗಿತ್ತು. ಅದಕ್ಕೆ ಒದ್ದೆ ಬಟ್ಟೆ ಮುಚ್ಚಿ ಒಲೆಯ ಪಕ್ಕದಲ್ಲಿಟ್ಟು, ಅಮ್ಮನ ಎದುರು ಬಂದು ಕೂತಳು.

ಅದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಯಜಮಾನರ ಮುಖ. ಹದಿನೆಂಟು ವರ್ಷ ಬ್ರೆಡ್ಡು ಮಾಡಿದ ಕೈ ಅದು. ಅದೇ ಹಿಟ್ಟು, ಅದೇ ಈಸ್ಟು, ಅದೇ ಹೊತ್ತು. ಬ್ರೆಡ್ಡು ಒಲೆಯಲ್ಲಿ ಚೆನ್ನಾಗಿಯೇ ಉಬ್ಬುತ್ತಿತ್ತು, ಉಬ್ಬಿ ನಿಂತು ಇದ್ದಕ್ಕಿದ್ದಂತೆ ನಡುವೆ ಕುಸಿಯುತ್ತಿತ್ತು. ಒಂದು ದಿನ ಹಿಟ್ಟನ್ನು ಬೈದರು, ಒಂದು ದಿನ ಒಲೆಯನ್ನು, ಒಂದು ದಿನ ಸೌದೆಯನ್ನು. ಕುಣಿಯಲಾರದವರಿಗೆ ನೆಲ ಡೊಂಕು ಎಂದು ನೋಡಿದವರು ಅಂದುಕೊಂಡಿರಬೇಕು. ಪಾಪ, ಇಲ್ಲಿ ನಿಜವಾಗಿಯೂ ನೆಲವೇ ಡೊಂಕಾಗಿತ್ತು. ಎತ್ತರದ ಊರಿನಲ್ಲಿ ಹಿಟ್ಟು ಬೇಗ ಹುದುಗುತ್ತದೆ, ಕೆಳಗಿನ ಅಳತೆ ಮೇಲೆ ನಡೆಯುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರು ಕೇಳಿರಲೂ ಇಲ್ಲ. ಹದಿನೆಂಟು ವರ್ಷದ ಅನುಭವ ಇದ್ದವರು ಕೇಳುವುದುಂಟೇ?

"ಎರಡು ತಿಂಗಳು ಹಾಗೇ ಹೋಯ್ತು. ಜನ ಒಂದು ಸಲ ಕೊಂಡುಕೊಂಡೋರು ಎರಡನೇ ಸಲ ಬರ್ತಿರಲಿಲ್ಲ. ನಿಮ್ಮಪ್ಪ ಮಾತು ಬಿಟ್ರು. ಊಟಕ್ಕೆ ಕೂತ್ರೆ ತಟ್ಟೆ ನೋಡ್ತಾ ಕೂತಿರೋರು. ನಾನು ಒಂದಿನ ಹೇಳೇಬಿಟ್ಟೆ, ವಾಪಸ್ ಹೋಗೋಣ ಅಂತ. ಜಗಳ ಆಡ್ತಾರೆ ಅಂದ್ಕೊಂಡಿದ್ದೆ. ಹೂಂ ಅಂದ್ರು. ಅಷ್ಟೇ. ಆ ಹೂಂ ಕೇಳಿ ನಾನು ಅಡುಗೆಮನೇಲಿ ಕೂತು ಅತ್ತೆ. ಆದ್ರೂ ಪೆಟ್ಟಿಗೆ ತುಂಬಿದೆ. ಸೋಮವಾರ ಲಾರಿ ಬರೋ ಹಾಗೆ ಹೇಳಿ ಆಗಿತ್ತು. ನಿನಗೆ ಮಾತ್ರ ಹೇಳಿರಲಿಲ್ಲ."

"ನನಗೆ ನೆನಪೇ ಇಲ್ಲ."

"ನಿನಗೆ ಹೇಗೆ ನೆನಪಿರುತ್ತೆ? ನೀನು ಆಗ ಸ್ಕೂಲಲ್ಲಿ ಕಥೆ ಕಟ್ಟೋದ್ರಲ್ಲಿ ಮುಳುಗಿದ್ದೆ."

ಮಗಳು ಎದ್ದು ಹೋಗಿ ಬಟ್ಟೆ ಎತ್ತಿ ನೋಡಿದಳು, ಗಡಿಯಾರ ನೋಡಿದಳು, ಇನ್ನೂ ಹೊತ್ತಿದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಬಂದಳು. ಅವಳ ಮುಖ ಕೆಂಪಾಗಿತ್ತು. "ಆ ಕಥೆ ನೆನಪಿದೆ" ಎಂದಳು. "ಊಟದ ಡಬ್ಬಿ ತೆಗೆದ್ರೆ ಎಲ್ರೂ ನಗ್ತಿದ್ರು. ನಿಮ್ಮಪ್ಪನ ಬ್ರೆಡ್ಡು ಎಡವಿ ಬಿದ್ದಿದೆ ಅಂತ. ಅದಕ್ಕೇ ಹೇಳ್ದೆ, ಬಿದ್ದಿದ್ದಲ್ಲ, ಅದು ಹೀಗೇ ಇರಬೇಕು, ಗುಂಡಿ ತೋಡೋದು ನಮ್ಮಪ್ಪನ ಗುಟ್ಟು, ಅದ್ರಲ್ಲಿ ಬೆಣ್ಣೆ ಹಾಕ್ಕೊಂಡು ತಿನ್ನಬೇಕು, ನಿಮಗೇನು ಗೊತ್ತು ಅಂತ. ಶುದ್ಧ ಸುಳ್ಳು."

"ಆ ಸುಳ್ಳೇ ನಮ್ಮನ್ನ ಇಲ್ಲಿ ಉಳಿಸಿದ್ದು" ಎಂದಳು ಬ್ರೆಡ್ಡಕ್ಕ.

ಆವತ್ತೂ ಶನಿವಾರವೇ, ಲಾರಿ ಬರಲು ಇನ್ನೆರಡು ದಿನ. ಸ್ಕೂಲಿನ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜಿಯೊಬ್ಬಳು ಬಂದು, ಒಲೆಯನ್ನೂ ಯಜಮಾನರನ್ನೂ ಮೇಲಿಂದ ಕೆಳಗೆ ನೋಡಿ, "ಮೇಲೆ ಬಂದ್ಮೇಲೆ ಕೆಳಗಿನ ಲೆಕ್ಕ ಬಿಡಬೇಕಪ್ಪಾ. ಈಸ್ಟು ಅರ್ಧ ಮಾಡು, ಅರ್ಧ ಹೊತ್ತಿಗೇ ಒಲೆಗೆ ಹಾಕು" ಎಂದು ಹೇಳಿ ಹೋದಳು. ಹೋಗುವವನಿಗೆ ಇನ್ನೇನು ನಷ್ಟ ಎಂದು ಯಜಮಾನರು ಹಾಗೇ ಮಾಡಿದರು. ಎರಡು ತಿಂಗಳಲ್ಲಿ ಮೊದಲ ಸಲ ಬ್ರೆಡ್ಡು ಎತ್ತಿದ ತಲೆ ಇಳಿಸದೆ ಹೊರಬಂತು. ಅವರು ಒಂದೊಂದನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿರುವಾಗಲೇ ಬಾಗಿಲಲ್ಲಿ ನಾಲ್ವರು ಮಕ್ಕಳು ತಮ್ಮ ತಾಯಂದಿರ ಜೊತೆ ಬಂದು ನಿಂತರು.

"ಗುಂಡಿ ಬ್ರೆಡ್ಡು ಕೊಡಿ" ಎಂದರು.

ಯಜಮಾನರು ಹೆಮ್ಮೆಯಿಂದ ಹೊಸ ಬ್ರೆಡ್ಡು ಮುಂದಿಟ್ಟರು. ಮಕ್ಕಳು ಮೂತಿ ತಿರುಗಿಸಿದರು. "ಇದಲ್ಲ. ಬೆಣ್ಣೆ ಎಲ್ಲಿ ಹಾಕೋದು ಇದರಲ್ಲಿ?"

"ಕಂದಾ, ನಿಮ್ಮಪ್ಪ ನಕ್ಕಿದ್ದು ನೋಡಬೇಕಿತ್ತು" ಎಂದಳು ಬ್ರೆಡ್ಡಕ್ಕ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. "ಕಲ್ಲು ಹಾಸಿನ ಮೇಲೆ ಕೂತುಬಿಟ್ರು ನಗ್ತಾ. ಎರಡು ತಿಂಗಳು ಸರಿ ಮಾಡಕ್ಕೆ ಒದ್ದಾಡಿದ್ದೀನಿ, ಸರಿ ಬಂದ ದಿನವೇ ಇವ್ರಿಗೆ ಕೆಟ್ಟಿದ್ದು ಬೇಕಂತಲ್ಲೇ ಅಂತ. ಆಮೇಲೆ ಎದ್ದು, ಮಾಮೂಲು ಬ್ರೆಡ್ಡಿಗೆ ಅಜ್ಜಿ ಅಳತೆ, ಗುಂಡಿ ಬ್ರೆಡ್ಡಿಗೆ ತಮ್ಮ ಹಳೇ ಅಳತೆ. ಸಾಯೋವರೆಗೂ ಹಾಗೇ ಮಾಡಿದ್ರು, ಆ ಹಳೇ ಅಳತೆ ಎಲ್ಲೂ ಬರೆದಿಡಲಿಲ್ಲ. ಸೋಮವಾರ ಲಾರಿ ಬಂತು. ಡ್ರೈವರ್ ಕೈಗೆ ಎರಡು ಬ್ರೆಡ್ಡು ಕೊಟ್ಟು ವಾಪಸ್ ಕಳಿಸಿದ್ದು ನಾನೇ. ಪೆಟ್ಟಿಗೆ ಮಾತ್ರ ಬಿಚ್ಚಲಿಲ್ಲ. ಮುಂದಿನ ಬೇಸಿಗೆವರೆಗೂ ಮಂಚದ ಕೆಳಗೆ ತುಂಬಿದ ಹಾಗೇ ಇತ್ತು. ಯಾವತ್ತು ಬೇಕಾದ್ರೂ ಹೋಗಬಹುದು ಅನ್ನೋ ಧೈರ್ಯದ ಮೇಲೇ ನಾನು ಒಂದೊಂದು ದಿನ ತಳ್ಳಿದ್ದು. ಹಿಂದೆ ತಿರುಗಿ ನೋಡದೋಳಂತೆ! ದಿನಾ ನೋಡ್ತಿದ್ದೆ ನಾನು."

ಹೇಳಿ ಮುಗಿಸಿದ ಮೇಲೆ ಅವಳಿಗೆ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ಮುಗಿಯಿತು, ಇನ್ನು ಹೋಗುತ್ತಾಳೆ ಎಂದುಕೊಂಡಳು.

ಮಗಳು ಎದ್ದು ಹಿಟ್ಟನ್ನು ಆರು ಭಾಗ ಮಾಡಿ ತಗಡಿನ ಅಚ್ಚುಗಳಿಗೆ ಇಟ್ಟಳು. ಅದು ಮತ್ತೆ ಉಬ್ಬುವವರೆಗೆ ಒಲೆಗೆ ಸೌದೆ ಜೋಡಿಸುತ್ತ ಓಡಾಡಿದಳು. ಗುಬ್ಬಿ ಚೀಲದ ಮೇಲೆಯೇ ತೂಕಡಿಸುತ್ತಿದ್ದಳು. ಮುಕ್ಕಾಲು ಗಂಟೆಯ ನಂತರ ಅಚ್ಚುಗಳನ್ನು ಒಲೆಗೆ ತಳ್ಳಿ ಬಾಗಿಲು ಮುಚ್ಚಿ, ಕೈ ಒರೆಸಿಕೊಳ್ಳುತ್ತ ಬಂದು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತಳು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬರಲ್ಲ ಅಂತ."

"ಅಮ್ಮಾ, ನೀನು ಎಂಥ ದಡ್ಡಿ" ಎಂದು ಮಗಳು ಅವಳ ಮೊಣಕಾಲಿಗೆ ತಲೆ ಒರಗಿಸಿದಳು. "ನನಗೆ ಇಷ್ಟು ವರ್ಷ ಅದೇ ಭಯ. ಇಲ್ಲಿ ಇರೋಕೆ ನಿನ್ನ ಥರ ಇರಬೇಕು, ಹೆದರದೇ ಇರೋರು ಆಗಿರಬೇಕು ಅಂತ. ಹೆದರಿಕೊಂಡೂ ಇರಬಹುದು ಅಂತ ಯಾರೂ ಹೇಳಿರಲಿಲ್ಲ. ಪೆಟ್ಟಿಗೆ ಬಿಚ್ಚದೇನೇ ಒಂದು ಚಳಿಗಾಲ ಕಳೀಬಹುದು ಅಂದ್ರೆ ನಾನೂ ಕಳೀತೀನಿ."

ಬ್ರೆಡ್ಡಕ್ಕ ಮಗಳ ತಲೆಗೂದಲಲ್ಲಿ ಸಿಕ್ಕಿದ್ದ ಹಿಟ್ಟನ್ನು ಉಗುರಿನಿಂದ ಬಿಡಿಸುತ್ತ ಕೂತಳು. ಎಷ್ಟು ಹೊತ್ತು ಹಾಗೆ ಕೂತಿದ್ದರೋ, ಸುಟ್ಟ ಅಂಚಿನ ವಾಸನೆ ಮೂಗಿಗೆ ಬಡಿದಾಗ ಇಬ್ಬರೂ ಒಟ್ಟಿಗೆ ಎದ್ದರು.

ಮಗಳು ಒಲೆಯ ಬಾಗಿಲು ತೆಗೆದು ಅಚ್ಚುಗಳನ್ನು ಎಳೆದಳು. ಆರಕ್ಕೆ ಆರೂ ಕುಸಿದಿದ್ದವು. ಒಂದೊಂದರ ನಡುವೆಯೂ ಒಂದು ಬೊಗಸೆ ಗುಂಡಿ, ಸುತ್ತ ಕಂದು ಬಣ್ಣದ ಗರಿಗರಿ ಅಂಚು.

"ಅಯ್ಯೋ, ಎಲ್ಲಾ ಹಾಳಾಯ್ತು. ಈಸ್ಟು ನಮ್ಮನೇಲಿ ಹಾಕೋ ಅಷ್ಟೇ ಹಾಕ್ಬಿಟ್ಟೆ, ಅಲ್ಲಿ ಇಡೋ ಅಷ್ಟೇ ಹೊತ್ತು ಇಟ್ಟೆ" ಎಂದು ಮಗಳು ಹಣೆ ಚಚ್ಚಿಕೊಂಡಳು.

ಬ್ರೆಡ್ಡಕ್ಕ ಒಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು. ಮುಷ್ಟಿಯ ಗುರುತಲ್ಲ, ಎಡಗೈಯಣ್ಣನ ಚಪ್ಪಲಿಯಲ್ಲ. ಎರಡು ವರ್ಷದಿಂದ ಈ ಒಲೆಯಿಂದ ಹೊರಬರದ ಗುಂಡಿ ಅದು. ಕೆಳಗಿನ ಊರಿನಿಂದ ಈಗಷ್ಟೇ ಹತ್ತಿ ಬಂದವರಿಗೆ ಮಾತ್ರ ಬರುವ ತಪ್ಪು. ಅವಳು ನಗಲು ಶುರು ಮಾಡಿದಳು. ನಗುತ್ತ ನಗುತ್ತ ಅಳು ಬಂತು, ತಡೆಯಲೂ ಹೋಗಲಿಲ್ಲ. "ಅವರ ಕೈ ಇದು" ಎಂದಳು. "ನೋಡೇ, ಅವರದೇ ಕೈ."

ಗದ್ದಲಕ್ಕೆ ಗುಬ್ಬಿ ಎಚ್ಚರಗೊಂಡಳು. ಹತ್ತಿರ ಬಂದು ಇಣುಕಿ, ಅಜ್ಜಿಯ ಮುಖವನ್ನೂ ಬ್ರೆಡ್ಡನ್ನೂ ನೋಡಿ, "ಅಮ್ಮ, ಇದು ಬಿದ್ದೋಯ್ತಾ?" ಎಂದು ಕೇಳಿದಳು.

"ಬಿದ್ದಿದ್ದಲ್ಲ ಗುಬ್ಬಿ" ಎಂದಳು ಮಗಳು. "ಅದು ಹೀಗೇ ಇರಬೇಕು."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಹೊಳೆದು, ಅಮ್ಮನ ಕಡೆ ನೋಡಿದಳು. ಗಡಿಯಾರದಲ್ಲಿ ನಾಲ್ಕೂವರೆಯಾಗಿತ್ತು. ಅವಳು ಒಂದು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿದಳು, ಗಿರಾಕಿಗಳ ಚೀಟಿಯ ಹಿಂಬದಿಯಲ್ಲಿ 'ಹೂಂ' ಎಂದು ಒಂದೇ ಅಕ್ಷರ ದೊಡ್ಡದಾಗಿ ಬರೆದು ಕಾಗದದ ಮಡಿಕೆಯಲ್ಲಿ ಸಿಕ್ಕಿಸಿದಳು. ತಾನೇ ಹೊರಡಲೆಂದು ಶಾಲು ಹೊದ್ದುಕೊಂಡಳು. ಬಾಗಿಲವರೆಗೆ ಹೋದವಳು ನಿಂತಳು.

ಬೇಕರಿಯ ಬಾಗಿಲಿಂದ ರಸ್ತೆ ನೇರ ಮೇಲಕ್ಕೆ ಹೋಗುತ್ತದೆ. ಒಂದು ಬೀಗ ರಿಪೇರಿ ಅಂಗಡಿ, ಒಂದು ಔಷಧಿ ಅಂಗಡಿ, ಮುಚ್ಚಿದ ಶಟರುಗಳ ಒಂದು ಸಾಲು, ಕೊನೆಯಲ್ಲಿ ಸ್ಕೂಲು. ಮಂಜು ಸ್ವಲ್ಪ ಎದ್ದಿತ್ತು. ಪಕ್ಕದ ಹಸಿರು ಬಾಗಿಲೂ ಕಾಣುತ್ತಿತ್ತು.

"ಗುಬ್ಬಿ" ಎಂದು ಮಗಳು ಕರೆದಳು. "ಇದನ್ನ ಹೆಡ್‌ಮಿಸ್‌ಗೆ ಕೊಟ್ಟು ಬರ್ತೀಯಾ? ಒಬ್ಬಳೇ?"

ಗುಬ್ಬಿ ಅಮ್ಮನ ಮುಖ ನೋಡಿದಳು, ತಮಾಷೆ ಅಲ್ಲ ಎಂದು ಗೊತ್ತಾಗುವವರೆಗೆ ನೋಡಿದಳು. ಬ್ರೆಡ್ಡಕ್ಕ ಹಿಟ್ಟಿನ ಡಬ್ಬದ ಹಿಂದೆ ಕೈ ಹಾಕಿ ಕೆಂಪು ಕೈಗವಸುಗಳನ್ನು ತೆಗೆದು ಅವಳಿಗೆ ತೊಡಿಸಿದಳು. ಹುಡುಗಿ ಬಿಸಿ ಬ್ರೆಡ್ಡನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದಳು.

ತಾಯಿ ಮಗಳು ಹೊಸ್ತಿಲಲ್ಲಿ ನಿಂತರು. ಗುಬ್ಬಿ ಮೊದಲ ಹತ್ತು ಹೆಜ್ಜೆ ಎರಡೆರಡು ಸಲ ಹಿಂದೆ ತಿರುಗಿ ನೋಡಿದಳು. ಬೀಗದ ಅಂಗಡಿಯ ಮುಂದೆ ನಾಯಿಯೊಂದು ಮಲಗಿತ್ತು. ಅದರ ಹತ್ತಿರ ನಿಂತು ಏನೋ ಮಾತಾಡಿಸಿದಳು. ನಾಯಿ ಬಾಲ ಆಡಿಸಿತು. ಮುಂದೆ ಒಂದು ಕಲ್ಲು ಸಿಕ್ಕಿತು, ಅದನ್ನು ಒದ್ದಳು. ಕಲ್ಲು ಉರುಳಿ ನಿಂತಲ್ಲಿಗೆ ಹೋಗಿ ಮತ್ತೆ ಒದ್ದಳು. ಆಮೇಲೆ ಹಿಂದೆ ತಿರುಗಲಿಲ್ಲ.

ಮಗಳು ಅಮ್ಮನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. "ನಾಳೆಯಿಂದ ನನಗೆ ಇಲ್ಲಿನ ಅಳತೆ ಹೇಳಿಕೊಡು" ಎಂದಳು.

"ಮನೆ ಬೆಚ್ಚಗಿಡೋದು ಹೇಳ್ಕೊಡ್ತೀನಿ, ಪೈಪು ಹೆಪ್ಪುಗಟ್ಟದ ಹಾಗೆ ಇಡೋದು ಹೇಳ್ಕೊಡ್ತೀನಿ" ಎಂದಳು ಬ್ರೆಡ್ಡಕ್ಕ, ರಸ್ತೆಯ ಮೇಲಿನ ಕೆಂಪು ಕೈಗವಸುಗಳಿಂದ ಕಣ್ಣು ತೆಗೆಯದೆ. "ಅಳತೆ ಮಾತ್ರ ಕಲೀಬೇಡ."